37 ನಿಮಿಷ

ಶನಿವಾರ ಸಂಜೆ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಗೆಳೆಯ ಬೈಕಿಗೆ ಒರಗಿ ನಿಂತಿದ್ದ. "ಏನಲೇ ಡಾಕ್ಟ್ರೇ, ಇನ್ನೂ ಮುಗೀಲಿಲ್ಲೇನು?" ಎಂದು ಎಂದಿನಂತೆ ನಕ್ಕ. ನನ್ನ ಪಿಎಚ್‌.ಡಿ.ಗೆ ಇದು ಐದನೇ ವರ್ಷ. ನಾವಿಬ್ಬರೂ ಇದೇ ಊರಿನಲ್ಲಿ ಡಿಗ್ರಿ ಓದಿದವರು. ಅವನು ಹರಿಹರದವನು, ಈಗ ಔಷಧಿ ಕಂಪನಿಯೊಂದರಲ್ಲಿ ಸೇಲ್ಸ್ ಕೆಲಸ. "ಹೆಸರು ಗಿಸರು ಬರೀಬ್ಯಾಡ" ಅಂದಿದ್ದಾನೆ, ಬರೆಯುವುದಿಲ್ಲ.

ಫೋನಿನಲ್ಲಿ ಕರೆದಾಗ ಹೇಳಿದ್ದು ಇಷ್ಟೇ: "ಪುಣ್ಯಾಶ್ರಮದಾಗೆ ಗವಾಯಿಗಳ ಪುಣ್ಯಸ್ಮರಣೆ ಐತಿ, ರಾತ್ರಿಯೆಲ್ಲಾ ಹಾಡ್ತಾರೆ. ಅಪ್ಪಾಜಿ ಪ್ರತಿ ವರ್ಷ ಹೋಗೋರು. ಈ ಸಲ ನಾವು ಹೋಗಾನ." ಸ್ವಲ್ಪ ತಡೆದು, "ಬರುವಾಗ ಆ ರೆಕಾರ್ಡಿಂಗ್ ತಗಂಡ್ ಬಾ" ಅಂದ.

ನಾನು ಬಂದದ್ದು ಆ ರೆಕಾರ್ಡಿಂಗ್ ಇಲ್ಲ ಎಂದು ಹೇಳಲಿಕ್ಕೆ.

ಅವನ ತಂದೆ ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನಿನ ಮುಂದೆ ಇಪ್ಪತ್ತು ವರ್ಷ ನಿಂತವರು. ಕಾರ್ಖಾನೆ ಮುಚ್ಚಿದ ಮೇಲೆ ಸಣ್ಣ ಪುಟ್ಟ ವೆಲ್ಡಿಂಗ್ ಕೆಲಸ. ಸೋಮವಾರ, ಅಮಾವಾಸ್ಯೆಗೆ ಭಜನೆ. ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು. ನನ್ನ ಸಂಶೋಧನೆ ತತ್ವಪದಗಳ ಪಾಠಾಂತರಗಳ ಮೇಲೆ. ಒಂದೇ ಪದವನ್ನು ಊರೂರಿನವರು ಯಾವ ಯಾವ ಮಾತು ಬದಲಿಸಿ ಹಾಡುತ್ತಾರೆ ಎಂದು ಪಟ್ಟಿ ಮಾಡುವುದು. ಮೂರು ವರ್ಷದ ಹಿಂದೆ ಅವರ ಮನೆಯ ಪಡಸಾಲೆಯಲ್ಲಿ ಕೂತು ಅವರ ಹಾಡು ರೆಕಾರ್ಡ್ ಮಾಡಿಕೊಂಡಿದ್ದೆ. ಒಟ್ಟು 37 ನಿಮಿಷ. ಹಾಸ್ಟೆಲಿಗೆ ಹೋಗಿ, ಕೇಳಿ ಕೇಳಿ, ಪದಗಳನ್ನು ಬರೆದುಕೊಂಡೆ. ಆಮೇಲೆ ಇನ್ನೊಂದು ಊರಿಗೆ ಹೋಗುವ ಮುಂಚೆ ಮೆಮೊರಿ ಕಾರ್ಡ್ ಖಾಲಿ ಮಾಡಿದೆ. ಬರೆದುಕೊಂಡಾಗಿತ್ತಲ್ಲ, ಇನ್ನೇನು ಬೇಕು ಎಂದು.

ಕಳೆದ ದೀಪಾವಳಿ ಹೊತ್ತಿಗೆ ಅವರು ತೀರಿಕೊಂಡರು. ಹದಿಮೂರನೇ ದಿನ ಗೆಳೆಯ ಕೇಳಿದ: "ನಿನ್ನತ್ರ ಅಪ್ಪಾಜಿ ಹಾಡಿದ್ದು ಐತಲ್ಲ?" ಮನೆಯಲ್ಲಿ ಅವರ ದನಿ ಇನ್ನೆಲ್ಲೂ ಇರಲಿಲ್ಲ. ಮದುವೆಯ ವಿಡಿಯೋದಲ್ಲಿ ಇದ್ದರು, ಮಾತಿರಲಿಲ್ಲ, ಮೇಲೆ ಸಿನಿಮಾ ಹಾಡು ಹಾಕಿದ್ದರು. "ಐತಿ, ಹುಡುಕಿ ಕೊಡ್ತೀನಿ" ಅಂದೆ. ಅಂದದ್ದು ಅಲ್ಲಿಗೆ ನಿಲ್ಲಲಿಲ್ಲ. ಹಾರ್ಡ್ ಡಿಸ್ಕ್ ರಿಪೇರಿಗೆ ಕೊಟ್ಟಿದೀನಿ, ಊರಿಗೆ ಹೋದಾಗ ನೋಡ್ತೀನಿ ಎಂದು ಏಳು ತಿಂಗಳು ದೂಡಿದೆ.

ಬೆಣ್ಣೆದೋಸೆ ತಿಂದು ಬಾಡಾ ಕ್ರಾಸ್ ಕಡೆ ಹೊರಟಾಗ ಹನಿ ಶುರುವಾಗಿತ್ತು. ಬೈಕಿನ ಹಿಂದೆ ಕೂತು ಹೇಳಿಬಿಡಬಹುದಿತ್ತು, ಮುಖ ನೋಡುವ ಕಷ್ಟವೂ ಇರಲಿಲ್ಲ. ಹೇಳಲಿಲ್ಲ.

ವೀರೇಶ್ವರ ಪುಣ್ಯಾಶ್ರಮವೆಂದರೆ ಎಲ್ಲರಿಗೂ ನೆನಪಾಗುವುದು ಗದಗ. ದಾವಣಗೆರೆಯದು ಅದೇ ಬಳ್ಳಿಯ ಕುಡಿ. 1892ರಲ್ಲಿ ಹಾನಗಲ್ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಕುರುಡರಾಗಿ ಹುಟ್ಟಿದ ಗದಿಗೆಯ್ಯ, ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಪಂಚಾಕ್ಷರಿ ಗವಾಯಿಗಳಾದರು. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು, ನೀಲಕಂಠ ಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಕಲಿತರು. ಎರಡೂ ಒಂದೇ ಕಂಠದಲ್ಲಿದ್ದುದರಿಂದ ಅವರನ್ನು ಉಭಯ ಗಾನ ವಿಶಾರದರೆಂದು ಕರೆದರು. ಅಂಧರು, ಅನಾಥರು, ಬಡವರ ಮಕ್ಕಳನ್ನು ಜೊತೆಗಿಟ್ಟುಕೊಂಡು, ಭಿಕ್ಷೆ ಎತ್ತಿ ಉಣ್ಣಿಸಿ ಹಾಡು ಕಲಿಸಿದರು. ಬಸವರಾಜ ರಾಜಗುರು ಅವರ ಶಿಷ್ಯರು. ಇನ್ನೊಬ್ಬ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಣ್ಣು ಕಾಣದವರು. 1944ರಲ್ಲಿ ಗುರುಗಳು ಹೋದ ಮೇಲೆ 2010ರಲ್ಲಿ ತಾವು ಹೋಗುವ ತನಕ ಆ ಒಲೆ ಆರದಂತೆ ನೋಡಿಕೊಂಡವರು ಅವರೇ.

ಇದೆಲ್ಲ ನನಗೆ ಓದಿ ಗೊತ್ತಿತ್ತು. ಅಲ್ಲಿ ಹೋಗಿ ಜಮಖಾನದ ಮೇಲೆ ಕೂತಾಗ ಕಂಡದ್ದು ಬೇರೆ. ಟಿಕೆಟ್ಟಿಲ್ಲ, ಮೀಸಲು ಕುರ್ಚಿಯಿಲ್ಲ. ಗೋಧಿ ಹುಗ್ಗಿ, ಅನ್ನ, ಸಾರು ಉಂಡು ಬಂದವರು ಸಿಕ್ಕಲ್ಲಿ ಕೂರುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಕಲಾವಿದರು ಬಂದು ಗವಾಯಿಗಳ ಫೋಟೋಗೆ ಕೈಮುಗಿದು ಹತ್ತು ಹದಿನೈದು ನಿಮಿಷ ಹಾಡಿ ಏಳುತ್ತಾರೆ. ಕಛೇರಿ ಅನ್ನುವುದಿಲ್ಲ, ಸಂಗೀತ ಸೇವೆ ಅನ್ನುತ್ತಾರೆ. ಶಾಲೆಯ ಮೇಷ್ಟ್ರು, ಆಟೋ ಓಡಿಸುವವರು, ರೇಡಿಯೋದಲ್ಲಿ ಹಾಡುವ ದೊಡ್ಡವರು, ಎಲ್ಲರಿಗೂ ಅದೇ ಸರತಿ. ಶ್ರುತಿ ತಪ್ಪಿದವರಿಗೂ ಚಪ್ಪಾಳೆ ಬಿತ್ತು. ನಿದ್ದೆ ಬಂದವರು ಅಲ್ಲೇ ಶಾಲು ಹೊದ್ದು ಮಲಗಿದರು. ಅವರನ್ನೂ ಯಾರೂ ಎಬ್ಬಿಸಲಿಲ್ಲ.

ಹನ್ನೊಂದರ ಸುಮಾರಿಗೆ ಹತ್ತು ವರ್ಷದ ಹುಡುಗನೊಬ್ಬನನ್ನು ಇನ್ನೊಬ್ಬ ಹುಡುಗ ಕೈಹಿಡಿದು ವೇದಿಕೆಗೆ ತಂದ. ಇಬ್ಬರಿಗೂ ಕಣ್ಣಿಲ್ಲ. ದೊಡ್ಡವನು ತಬಲಾ ಮುಂದೆ ಕೂತ, ಸಣ್ಣವನು ಭೂಪ್ ರಾಗ ಎತ್ತಿಕೊಂಡ. ಹಿಂದೆ ಕೂತ ಗುರುಗಳು ಹುಡುಗನ ಬೆನ್ನಿನ ಮೇಲೆ ಎರಡು ಬೆರಳಿನಿಂದ ತಾಳ ಹಾಕುತ್ತಿದ್ದರು. ಒಂದು ಕಡೆ ಅವನು ಸಮ್ ತಪ್ಪಿದ. ಬೆರಳು ನಿಂತಿತು. ಅವನೂ ನಿಂತ, ನಕ್ಕ, ಮತ್ತೆ ಹಿಡಿದ. ಇಲ್ಲಿ ಪುಸ್ತಕವಿಲ್ಲ. ಬಾಯಿಂದ ಕಿವಿಗೆ, ಬೆರಳಿನಿಂದ ಬೆನ್ನಿಗೆ ದಾಟಬೇಕು. ದಾಟದಿದ್ದರೆ ಅಲ್ಲಿಗೆ ಮುಗಿಯಿತು. ಬರೆದುಕೊಂಡಾಗಿದೆ ಎಂದು ಯಾರೂ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ.

ಎರಡು ಗಂಟೆಯ ಮೇಲೆ ತತ್ವಪದದವರು ಬಂದರು. ಏಕತಾರಿ, ದಮ್ಮಡಿ, ತಾಳ. ನಾಲ್ಕು ಜನ ವಯಸ್ಸಾದವರು. ಮೊದಲ ಪದ ಎತ್ತುತ್ತಿದ್ದಂತೆ ನನ್ನ ಕೈ ತಾನಾಗಿ ಫೋನ್ ತೆಗೆದು ಕೆಂಪು ಗುಂಡಿ ಒತ್ತಿತು. ಯಾವ ಮಾತು ಬದಲಾಗಿದೆ ಎಂದು ಕಿವಿ ಹುಡುಕತೊಡಗಿತು. ಗೆಳೆಯ ನನ್ನ ಫೋನಿನ ಮೇಲೆ ಅಂಗೈ ಇಟ್ಟ.

"ಇದನ್ನಾದ್ರೂ ಕೇಳಲೇ" ಅಂದ.

ಆ 'ಆದ್ರೂ' ನನಗೆ ನೆಟ್ಟಿತು. ಫೋನ್ ಒಳಗಿಟ್ಟೆ. ಅವನ ಕಣ್ಣು ಮುಚ್ಚಿತ್ತು, ಬಲಗೈ ಹೆಬ್ಬೆರಳು ತೋರುಬೆರಳ ಗೆಣ್ಣು ಎಣಿಸುತ್ತಿತ್ತು. ಅವನ ಅಪ್ಪನೂ ಹಾಡುವಾಗ ಹಾಗೇ ಎಣಿಸುತ್ತಿದ್ದರು. ಅದು ನನಗೆ ಆ ಕ್ಷಣದವರೆಗೂ ನೆನಪಿರಲಿಲ್ಲ. ನನ್ನ ಟಿಪ್ಪಣಿಯಲ್ಲಿ ಇರುವುದು ಹೆಸರು, ವಯಸ್ಸು, ಊರು, ಗುರುಪರಂಪರೆ ಅಷ್ಟೇ.

ಬೆಳಗಿನ ಮಂಗಳ ಮುಗಿಸಿ, ಚಹಾ ಕುಡಿದು ಹರಿಹರಕ್ಕೆ ಹೊರಟೆವು. ಹದಿನಾಲ್ಕು ಕಿಲೋಮೀಟರ್. ಮನೆಗೆ ಹೋಗುವ ಮುಂಚೆ ದೇವಸ್ಥಾನಕ್ಕೆ ಹೋಗಿಬರೋಣ ಅಂದ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ. ಒಳಗೆ ಅರ್ಧ ಹರ, ಅರ್ಧ ಹರಿ, ಒಂದೇ ಮೈ. ಕಂಬಗಳಲ್ಲಿ ಮುಖ ಕಾಣುವಷ್ಟು ನುಣುಪು. ಹೊರಗೆ ಶಾಸನದ ಕಲ್ಲುಗಳು. ಎಂ.ಎ.ಯಲ್ಲಿದ್ದಾಗ ನಾನು ಅವುಗಳ ಮುಂದೆ ಗಂಟೆಗಟ್ಟಲೆ ನಿಂತಿದ್ದೆ. ಅವತ್ತು ನೋಡಿದಾಗ ಅನ್ನಿಸಿದ್ದು ಒಂದೇ: ಎಂಟುನೂರು ವರ್ಷದ ಅಕ್ಷರವಿದೆ, ಅದನ್ನು ಮೊದಲ ಸಲ ಊರಿಗೆ ಓದಿ ಹೇಳಿದವನ ದನಿ ಇಲ್ಲ. ಆಗ ದನಿ ಹಿಡಿಯುವ ಯಂತ್ರವಿರಲಿಲ್ಲ. ನನ್ನ ಬಳಿ ಇತ್ತು.

ಹೊಳೆ ದಂಡೆಯ ಮೆಟ್ಟಿಲ ಮೇಲೆ ಹೇಳಿದೆ. ತುಂಗಭದ್ರೆಗೆ ಕೆಂಪು ನೀರು ಬಂದಿತ್ತು. ಹಾರ್ಡ್ ಡಿಸ್ಕ್ ಕೆಟ್ಟಿದ್ದು ಸುಳ್ಳು, ನಾನೇ ಅಳಿಸಿದ್ದು, ಬರೆದುಕೊಂಡಾದ ಮೇಲೆ ಬೇಡ ಅನ್ನಿಸಿ ಅಳಿಸಿದ್ದು ಎಂದು ಎಲ್ಲ ಹೇಳಿದೆ.

ಅವನು ಸುಮ್ಮನಿದ್ದ. ಆಮೇಲೆ ಕೇಳಿದ: "ಏಳು ತಿಂಗಳು?"

"ಹ್ಞೂಂ."

"ಅವ್ವ ದಿನಾ ಕೇಳ್ತಾಳೆ. ಇವತ್ತು ಬರ್ತಾನೆ ತಡಿ ಅಂದಿದ್ದೆ." ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ. "ಅಳಿಸಿದ್ದು ಬಿಡು. ಐತಿ ಐತಿ ಅಂದೆಲ್ಲಲೇ, ಅದು." ಬೈಕಿನ ತನಕ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದ.

ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ ಕಾದಿತ್ತು. ಅವನ ತಾಯಿ ತಟ್ಟೆ ಇಡುತ್ತಾ, "ತಂದೀಯೇನಪ್ಪಾ?" ಅಂದರು. ಗೆಳೆಯ ತಲೆ ಎತ್ತಲಿಲ್ಲ. ನನ್ನ ಬಾಯಿಂದಲೇ ಬರಲಿ ಎಂದು ಬಿಟ್ಟ. ಹೇಳಿದೆ. ಅವರು ಬೈಯಲಿಲ್ಲ. ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತರು. ಬೈದಿದ್ದರೆ ಚೆನ್ನಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ, "ಬರಕಂಡಿದ್ದು ಐತೇನು? ಓದಪ್ಪಾ" ಅಂದರು.

ಬ್ಯಾಗಿನಿಂದ ಪ್ರಬಂಧದ ಕರಡು ತೆಗೆದು ಓದಿದೆ. ಪಲ್ಲವಿ ಮುಗಿಯುವ ಮೊದಲೇ ಅವರು ಕೈ ಅಡ್ಡ ಹಿಡಿದರು. "ಹಂಗಲ್ಲ. ಅವರು 'ತಂಗಿ' ಅಂತ ಒಮ್ಮೆಲೇ ಅಂತಿರಲಿಲ್ಲ. 'ತಂ' ಅಂದು ನಿಲ್ಲೋರು. ನಾನು ಒಳಗೆ ಏನು ಮಾಡ್ತಿದ್ರೂ ನಿಲ್ಲಿಸಬೇಕು, ಅಷ್ಟೊತ್ತು. ಆಮೇಲೆ 'ಗೀ' ಅಂತ ಇಳಿಯೋದು." ಹೇಳಿದ್ದು ತಿಳಿಯಲಿಲ್ಲವೇನೋ ಎಂದು ಗೋಡೆಗೆ ಒರಗಿ, ಸೆರಗು ಬಾಯಿಗೆ ಹಿಡಿದು, ಮೆಲ್ಲಗೆ ಹಾಡಿ ತೋರಿಸಿದರು. ಒಂದು ಸಾಲು. ಮತ್ತೆ ಅದೇ ಸಾಲು. ಮೂರನೇ ಸಲ ಸೆರಗು ಕೆಳಗಿಳಿದಿತ್ತು. ಮುಂದಿನ ನುಡಿಗೆ ಹೋದರು. ಅವರಿಗೆ ಪೂರ್ತಿ ಪದ ಬರುತ್ತಿತ್ತು. ಮೂರು ವರ್ಷದ ಹಿಂದೆ ಅದೇ ಮನೆಯಲ್ಲಿ ಚಹಾ ತಂದುಕೊಟ್ಟು ಒಳಗೆ ಹೋಗಿದ್ದರು. ನಿಮಗೂ ಬರುತ್ತದೆಯೇ ಎಂದು ನಾನು ಕೇಳಿರಲಿಲ್ಲ.

ನನ್ನ ಕೈ ಜೇಬಿಗೆ ಹೋಗಲಿಲ್ಲ. ಪಕ್ಕದಲ್ಲಿ ಗೆಳೆಯ ಊಟ ಬಿಟ್ಟು, ಎಡಗೈಯಲ್ಲಿ ತನ್ನ ಫೋನ್ ತೆಗೆದು ನೆಲದ ಮೇಲೆ ಅವ್ವನ ಕಡೆ ತಿರುಗಿಸಿಟ್ಟಿದ್ದ.

ಸಂಜೆ ಬಸ್ಸಿಗೆ ಬಿಡಲು ಬಂದ. ಹೆಚ್ಚು ಮಾತಾಡಲಿಲ್ಲ. ಬಸ್ ಹೊರಟಾಗ, "ಊರು ಮುಟ್ಟಿದ ಮೇಲೆ ಮೆಸೇಜ್ ಹಾಕು" ಅಂದ, ಅಷ್ಟೇ. ಬಸ್ಸಿನಲ್ಲಿ ಕರಡು ತೆಗೆದು 'ತಂಗಿ' ಎಂಬಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ. ಆ ನಿಲುಗಡೆಯನ್ನು ಬರೆಯುವುದು ಹೇಗೆ ಎಂದು ಇನ್ನೂ ತಿಳಿದಿಲ್ಲ.

ಇದಾಗಿ ನಾಲ್ಕು ತಿಂಗಳಾಯಿತು. ಅವ್ವ ಹಾಡಿದ್ದನ್ನು ಅವನು ನನಗೆ ಕಳಿಸಿಲ್ಲ. ನಾನೂ ಕೇಳಿಲ್ಲ.