ನಾರಣಪ್ಪನ ಗಡಿಪಾರು

ನನ್ನ ನಾರಣಪ್ಪ ಮೂರಡಿ ಎತ್ತರದವನು. ಮೂಗು ಮಾತ್ರ ಆರಡಿಯವನದು. ಹೆಗಲಲ್ಲಿ ತಂಬೂರಿ, ಸೊಂಟದಲ್ಲಿ ಮೊಂಡು ಕಿರುಗತ್ತಿ. ಕಷ್ಟ ಬಂದರೆ ಹಾಡು, ಕಡುಕಷ್ಟ ಬಂದರೆ ಓಟ. ಹುಟ್ಟಿದ್ದು 2006ರ ಚಳಿಗಾಲದಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನ ಒಂದು ನೆಲಮಾಳಿಗೆಯಲ್ಲಿ, ಪೆನ್ಸಿಲಿನಿಂದ ತುಂಬಿದ ಹಾಳೆಯ ಮೇಲೆ. ಜಾತಿ ನೋಮ್, ಕಸುಬು ಬಾರ್ಡ್, ಅಂದರೆ ಹಾಡುಗಾರ. ಹಾಡುಗಾರನಿಗೆ ಗದುಗಿನ ಕವಿಯ ಹೆಸರಿಡದೆ ಇನ್ನಾರದ್ದು ಇಡಲಿ? ಜೊತೆಗೆ ಆಡುತ್ತಿದ್ದ ಅಮೆರಿಕನ್ನರು ಎರಡು ವಾರ ನಾಲಗೆ ತಿರುಚಿ ನೋಡಿ, ಸೋತು, 'ನಾರ್ನಿ' ಮಾಡಿಕೊಂಡರು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಪುತ್ತೂರು ಕಡೆಯ ನನ್ನಂಥವನಿಗೆ ಅದು ತಕ್ಷಣ ಅರ್ಥವಾಯಿತು. ಇದು ಹಿಮ್ಮೇಳವಿಲ್ಲದ ತಾಳಮದ್ದಳೆ! ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡುವುದು. ಡಂಜನ್ ಮಾಸ್ಟರ್ ಎಂಬ ಭಾಗವತ ಕಥೆ ನಡೆಸುತ್ತಾನೆ. ನಮ್ಮಲ್ಲಿ ಕರ್ಣ ಎಷ್ಟು ಚೆಂದ ವಾದಿಸಿದರೂ ಕೊನೆಗೆ ಸಾಯಲೇಬೇಕು. ಇಲ್ಲಿ ಆ ತೀರ್ಮಾನವನ್ನು ಇಪ್ಪತ್ತು ಮುಖದ ದಾಳಕ್ಕೆ ಬಿಟ್ಟಿದ್ದಾರೆ, ಅಷ್ಟೇ.

ಆಟದ ತವರು ಲೇಕ್ ಜಿನೀವಾ ನಮ್ಮಿಂದ ಒಂದೂವರೆ ಗಂಟೆಯ ದಾರಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದ ಮೂರು ತೆಳು ಪುಸ್ತಕಗಳು 1974ರಲ್ಲಿ ಒಂದು ಪೆಟ್ಟಿಗೆಯಲ್ಲಿ ಹೊರಬಂದದ್ದು ಅಲ್ಲಿಂದ. ಬೆಲೆ 10 ಡಾಲರ್, ಮೊದಲ ಸಲ ಅಚ್ಚಾದದ್ದು 1,000 ಪ್ರತಿ. ಪೆಟ್ಟಿಗೆಗಳನ್ನು ತುಂಬಿದ್ದು ಮನೆಯಲ್ಲೇ, ಹಪ್ಪಳದ ವ್ಯಾಪಾರದ ಹಾಗೆ.

ನಮ್ಮ ಗುಂಪಿನ ಹಿರಿಯ ನಲವತ್ತು ದಾಟಿದವನು, ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. 1979ರಿಂದ ಆಡುತ್ತಿದ್ದ. ಅವನ 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ಕಿನ ಬೆನ್ನಿಗೆ ಪೈಪಿಗೆ ಸುತ್ತುವ ಟೇಪು ಸುತ್ತಿತ್ತು. ಅಂಚುಗಳಲ್ಲೆಲ್ಲ ಕೆಂಪು ಶಾಯಿಯ ತಿದ್ದುಪಡಿಗಳು. ಪ್ರತಿ ಹೊಸ ಆವೃತ್ತಿಯ ಮೇಲೂ ಅವನದೊಂದು ತಕರಾರಿತ್ತು. 1989ರ ಎರಡನೆಯ ಆವೃತ್ತಿಯಲ್ಲಿ, ಧರ್ಮಭೀರುಗಳ ಗದ್ದಲಕ್ಕೆ ಹೆದರಿ ದೆವ್ವ, ಪಿಶಾಚಿಗಳ ಹೆಸರನ್ನು 'ಟನಾರಿ', 'ಬಾಟೆಜು' ಎಂದೇನೋ ಬದಲಿಸಿದ್ದರು. ರಾತ್ರಿ ಹೊತ್ತು ಹಾವಿಗೆ ನಾವು ಹಗ್ಗ ಎನ್ನುವುದಿಲ್ಲವೇ, ಹಾಗೆ. ಕಚ್ಚುವುದು ಅದೇ ಹಲ್ಲು, ಆದರೂ ಅವನಿಗೆ ಇಪ್ಪತ್ತು ವರ್ಷ ಕಳೆದರೂ ಸಿಟ್ಟು ಇಳಿದಿರಲಿಲ್ಲ. 2000ದ ಮೂರನೆಯ ಆವೃತ್ತಿ ಅವನ ಪ್ರಾಣವಾದ 'ಥ್ಯಾಕೋ' ಲೆಕ್ಕವನ್ನೇ ತೆಗೆದುಹಾಕಿತು. ಹಳೆಯ ಪದ್ಧತಿಯಲ್ಲಿ ಕವಚ ಗಟ್ಟಿಯಾದಷ್ಟೂ ಅಂಕ ಕಡಿಮೆ. ಸೊನ್ನೆ ದಾಟಿ ಋಣಕ್ಕೂ ಇಳಿಯುತ್ತಿತ್ತು. ಏಟು ಬಿತ್ತೋ ಇಲ್ಲವೋ ತಿಳಿಯಲು ಪ್ರತಿಸಲ ಕಳೆಯುವ ಲೆಕ್ಕ ಮಾಡಬೇಕು. ಹೊಸಬರು ಅದನ್ನು ತಿರುಗಿಸಿ ಕೂಡುವ ಲೆಕ್ಕ ಮಾಡಿದರು. "ಕಳೆಯಲು ಬಾರದವನಿಗೆ ಕತ್ತಿ ಯಾಕೆ?" ಎಂಬುದು ಅವನ ಪ್ರಶ್ನೆ. ನನಗಂತೂ ಕೂಡುವುದೇ ಸುಖ. ಮುದಿ ಗೊಣಗು ಎಂದು ಒಳಗೊಳಗೇ ನಗುತ್ತಿದ್ದೆ.

ಇಂಥವರಿಗೆ ಆ ವಲಯದಲ್ಲಿ 'ಗ್ರಾಗ್ನಾರ್ಡ್' ಎಂಬ ಬಿರುದಿದೆ. ನೆಪೋಲಿಯನ್ನನ ಹಳೆಯ ಪಡೆಯ ಸೈನಿಕರಿಗೆ ಇದ್ದ ಅಡ್ಡಹೆಸರು; ಫ್ರೆಂಚಿನಲ್ಲಿ ಗೊಣಗುವವನು ಎಂದರ್ಥ. ಗೊಣಗುತ್ತಿದ್ದರು, ಆದರೆ ಯುದ್ಧಕ್ಕೆ ಹೋಗುವುದನ್ನು ಬಿಡುತ್ತಿರಲಿಲ್ಲ. ನನ್ನ ಸೋದರಮಾವನೂ ಈ ಪಡೆಯವನೇ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ ಕಿವಿ ಅವನದು. ಕಾಲಮಿತಿಯ ಕೂಟಗಳು ಬಂದ ಮೇಲೆ "ಇದೆಂಥ ತಾಳಮದ್ದಳೆ ಮಾರಾಯ, ಬಸ್ಸಿಗೆ ಹೊತ್ತಾದವರ ಹಾಗೆ" ಎಂದು ಬೈಯುತ್ತಲೇ ಎಲ್ಲ ಕೂಟಕ್ಕೂ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಾನೆ.

2008ರ ಮಾರ್ಚ್ 4ರಂದು ಗೈಗ್ಯಾಕ್ಸ್ ತೀರಿಕೊಂಡರು. ಆ ಶನಿವಾರ ನಮ್ಮ ಹಿರಿಯ ದಾಳ ಮುಟ್ಟಲಿಲ್ಲ. ಮೂರು ತಿಂಗಳಿಗೆ, ಜೂನ್ 6ಕ್ಕೆ, ನಾಲ್ಕನೆಯ ಆವೃತ್ತಿ ಬಂತು.

ಅಂಗಡಿಯಲ್ಲಿ ನಿಂತೇ ಪುಟ ತಿರುವಿದೆ. ಡ್ರಾಗನ್ನಿನ ಮುಖದವರು ಹೊಸದಾಗಿ ಬಂದಿದ್ದಾರೆ, ಕೊಂಬಿನವರು ಬಂದಿದ್ದಾರೆ. ನೋಮ್ ಇಲ್ಲ. ಕಸುಬಿನ ಅಧ್ಯಾಯಕ್ಕೆ ಹೋದೆ. ಬಾರ್ಡೂ ಇಲ್ಲ. 2003ರ ಪುಸ್ತಕದಲ್ಲಿ ನೋಮ್ ಜಾತಿಗೆ ಬಾರ್ಡ್ ಕಸುಬೇ ಹೇಳಿಸಿದ್ದು ಎಂದು ಬರೆದಿದ್ದರು. ಈಗ ಎರಡನ್ನೂ ಒಟ್ಟಿಗೇ ಎತ್ತಿಬಿಟ್ಟಿದ್ದಾರೆ. ಹುಡುಕಿ ಹುಡುಕಿ ಕೊನೆಗೆ ನೋಮ್ ಸಿಕ್ಕಿದ್ದು ಪಕ್ಕದ ಪುಸ್ತಕದಲ್ಲಿ, ಮಾನ್ಸ್ಟರ್ ಮ್ಯಾನ್ಯುಯಲ್ಲಿನಲ್ಲಿ! ಎರಡು ವರ್ಷ ಹಾಡಿ ಹಾಡಿ ಊರು ಕಾಪಾಡಿದ ನಾರಣಪ್ಪ, ಕೊಲ್ಲಬೇಕಾದ ಪ್ರಾಣಿಗಳ ಪಟ್ಟಿಯಲ್ಲಿದ್ದ. ಪಡಿತರ ಚೀಟಿಯಿಂದ ಹೆಸರು ಬಿಟ್ಟುಹೋದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಅವತ್ತು ನಾನೂ ಗೊಣಗುವ ಪಡೆ ಸೇರಿದೆ. ಎಲ್ಲ ಕಡೆ ಅದೇ ಜಗಳ, 'ಎಡಿಷನ್ ವಾರ್' ಎಂಬ ಹೆಸರೇ ಇತ್ತು ಅದಕ್ಕೆ. ಇದು ಕಂಪ್ಯೂಟರ್ ಗೇಮು ಎಂದರು. ಕತ್ತಿಯವನಿಗೂ ಮಂತ್ರದವನಿಗೂ ಒಂದೇ ಅಚ್ಚಿನ ವಿದ್ಯೆಗಳು, ಒಂದು ಬೇಕಾದಾಗಲೆಲ್ಲ, ಒಂದು ಕಾಳಗಕ್ಕೊಮ್ಮೆ, ಒಂದು ದಿನಕ್ಕೊಮ್ಮೆ. ಇದೇನು ಮಾತ್ರೆ ಚೀಟಿಯೇ ಎಂದರು. ಥ್ಯಾಕೋ ಹೋದದ್ದಕ್ಕೆ ನಗುತ್ತಿದ್ದ ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ.

"ಹಳೇ ಪುಸ್ತಕ ನಿನ್ನ ಹತ್ತಿರ ಇದೆಯಲ್ಲ, ಯಾರೂ ಕಿತ್ತುಕೊಂಡಿಲ್ಲವಲ್ಲ" ಎಂದು ಹೊಸತರ ಪರ ಇದ್ದವರು ಕೇಳುತ್ತಿದ್ದರು. ತರ್ಕ ಸರಿಯೇ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಮರುವರ್ಷ. 2009ರಲ್ಲಿ ಪ್ಲೇಯರ್ಸ್ ಹ್ಯಾಂಡ್‌ಬುಕ್ಕಿನ ಎರಡನೆಯ ಸಂಪುಟ ಬಂತು, ಅದರಲ್ಲಿ ನೋಮ್ ಇತ್ತು, ಬಾರ್ಡ್ ಇತ್ತು. ನಾರಣಪ್ಪನಿಗೆ ಪುನರ್ವಸತಿಯಾಯಿತು. ಆದರೆ ಅಷ್ಟರಲ್ಲಿ ನಮ್ಮ ಐವರಲ್ಲಿ ಇಬ್ಬರು, ಮೂರನೆಯ ಆವೃತ್ತಿಯ ನಿಯಮಗಳನ್ನೇ ಮುಂದುವರಿಸಿದ ಪಾತ್‌ಫೈಂಡರ್ ಎಂಬ ಬೇರೆ ಆಟಕ್ಕೆ ಹೋಗಿದ್ದರು. ಒಬ್ಬ ಬೇರೆ ಗುಂಪು ಸೇರಿದ್ದ. ಹಿರಿಯ ತನ್ನ ಟೇಪು ಸುತ್ತಿದ ಪುಸ್ತಕಕ್ಕೆ ಮರಳಿದ್ದ. ಪುಸ್ತಕವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಿಜ. ಮೇಜಿನ ಸುತ್ತ ಕೂತ ನಾಲ್ವರನ್ನು ಕಿತ್ತುಕೊಳ್ಳುತ್ತಾರೆ. ಒಬ್ಬನೇ ಕೂತು ಓದಲು ಅದು ಕಾದಂಬರಿಯಲ್ಲವಲ್ಲ.

2011ಕ್ಕೆ ಬೆಂಗಳೂರಿಗೆ ಮರಳಿದೆ. ಪ್ರಕಾಶಕರೂ ಪಾಠ ಕಲಿತರೋ ಏನೋ, ಮರುವರ್ಷದಿಂದ ಐದನೆಯ ಆವೃತ್ತಿಯ ಕರಡನ್ನು ಆಟಗಾರರಿಗೇ ಕೊಟ್ಟು, ಅಭಿಪ್ರಾಯ ಕೇಳಿ, ತಿದ್ದಿ, 2014ರಲ್ಲಿ ಅಚ್ಚು ಮಾಡಿದರು. ಅದು ಎಲ್ಲರನ್ನೂ ಸೆಳೆಯಿತು, ನನ್ನನ್ನೂ. 2023ರ ಜನವರಿಯಲ್ಲಿ, ಆಟದ ನಿಯಮಗಳನ್ನು ಬೇರೆಯವರು ಬಳಸಲು ಇದ್ದ ಪರವಾನಗಿಯ ಷರತ್ತು ಬದಲಿಸಹೊರಟಾಗ ಎದ್ದ ಕೂಗಿಗೆ ಕಂಪನಿ ತಿಂಗಳೊಳಗೆ ಹಿಂದೆ ಸರಿದದ್ದೂ ಉಂಟು. ಗೊಣಗಿದ್ದೆಲ್ಲವೂ ವ್ಯರ್ಥವಲ್ಲ ಎಂದು ಮಾವನಿಗೆ ಫೋನಿನಲ್ಲಿ ಹೇಳಿದೆ. "ನಾನು ಹೇಳಿದ್ದು ಯಾವತ್ತು ಸುಳ್ಳಾಗಿದೆ?" ಎಂದ.

ಈಗ ನಮ್ಮ ಮನೆಯ ಊಟದ ಮೇಜಿನ ಭಾಗವತ ನಾನು. ಮಗಳು, ಅವಳ ಮೂವರು ಗೆಳತಿಯರು ಅರ್ಥಧಾರಿಗಳು. ಅವಳದು ಹಾಫ್ ಎಲ್ಫ್ ಬಿಲ್ಲುಗಾತಿ. 2024ರ ಹೊಸ ಹ್ಯಾಂಡ್‌ಬುಕ್ ತರಿಸಿದ ದಿನ ಶಾಲೆಯ ಚೀಲವನ್ನೂ ಇಳಿಸದೆ ಪುಟ ತಿರುವಿದಳು. ಮುಂದೆ, ಹಿಂದೆ, ಮತ್ತೆ ಮುಂದೆ. ಆ ತಿರುವುವ ಸದ್ದು ನನಗೆ ಗೊತ್ತು.

"ಅಪ್ಪಾ, ಹಾಫ್ ಎಲ್ಫೇ ಇಲ್ಲ."

"ಹಳೇ ಪುಸ್ತಕ ಇದೆಯಲ್ಲ ಪುಟ್ಟಾ" ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ನಾಲಗೆ ಕಚ್ಚಿಕೊಂಡೆ. ಅವಳು ನೋಡಿದ ನೋಟಕ್ಕೆ ಕವಚದ ಅಂಕ ಸೊನ್ನೆಯವನೂ ಉಳಿಯುತ್ತಿರಲಿಲ್ಲ.

ಕೊನೆಗೆ ರಾಜಿಯಾಯಿತು. ಪಾತ್ರ ಹಳೆಯ ಪುಸ್ತಕದ್ದು, ಮಿಕ್ಕ ನಿಯಮ ಹೊಸತರದು. ರಾತ್ರಿ ಊಟವಾದ ಮೇಲೆ ಮತ್ತೆ ಪುಸ್ತಕ ಹಿಡಿದು ಬಂದಳು. ಆಯುಧ ಹಿಡಿದವರಿಗೆ ಹೊಸದಾಗಿ 'ವೆಪನ್ ಮಾಸ್ಟರಿ' ಎಂಬ ವಿದ್ಯೆ ಕೊಟ್ಟಿದ್ದಾರಂತೆ. ಬಾಣ ತಾಗಿದರೆ ಎದುರಾಳಿಯ ಕಾಲು ನಿಧಾನವಾಗುತ್ತದಂತೆ. ಓದಿ ನೋಡಿದೆ. ಕತ್ತಿಯವರಿಗೂ ಕೈಚಳಕ ಬೇಕು ಎಂದು 2008ರಲ್ಲಿ ಹೊರಟ ಯೋಚನೆಯ ಮೊಮ್ಮಗುವಿನ ಹಾಗಿದೆ ಅದು. ನಾನು ಅಂಗಡಿಯಲ್ಲಿ ನಿಂತು ಬೈದದ್ದು ಅದನ್ನೇ.

"ಇದು ಸೂಪರ್ ಅಲ್ವಾ?" ಎಂದಳು.

"ನಮ್ಮ ಕಾಲದಲ್ಲಿ…" ಎಂದು ಶುರು ಮಾಡಿದೆ. ಅವಳಾಗಲೇ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದಳು, ಕೆಂಪು ಶಾಯಿಯಲ್ಲಿ.