ಕಿಸ್ತಿನ ತಾರೀಕು, ಹತ್ತಿ ರೇಟು, ಮತ್ತೆ ನಮ್ಮ ಜೋಳ

ಈ ಸಲದ ಬರಹ ಸ್ವಲ್ಪ ಉದ್ದ ಐತೆ. ಹಿಂಗಾರಿ ಲೆಕ್ಕ ಹಾಕೋ ಮುಂಚೆ ಒಮ್ಮೆ ಓದ್ರಿ ಅಂತ ಬರೀತಿದ್ದೀನಿ.

ನಿಮ್ಮ ಹೊಲದ ಪಹಣಿ ತೆಗೆದು ನೋಡ್ರಿ. ಖುಷ್ಕಿ, ತರಿ, ಬಾಗಾಯ್ತು ಅಂತ ಬರೆದಿರ್ತಾರೆ. ಪದಗಳು ಹಳೇವು. ಆದರೆ ಒಂದೊಂದು ಹೊಲಾನೂ ಅಳೆದು, ನಂಬರ್ ಕೊಟ್ಟು, ರೈತನ ಹೆಸರಿಗೇ ಕಂದಾಯ ಬರೆಯೋ ಕೆಲಸ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿ ಶುರುವಾಗಿದ್ದು ಕಂಪನಿ ಸರ್ಕಾರದ ಕಾಲದಲ್ಲಿ. 1800ರಲ್ಲಿ ಹೈದರಾಬಾದ್ ನಿಜಾಮ ಬಳ್ಳಾರಿ, ಕಡಪ ಸೀಮೆಗಳನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲ ಅಂತ ಹೆಸರು ಬಂತು. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದು 1807ರವರೆಗೆ ಇದ್ದ. ಜಮೀನ್ದಾರ ನಡುವೆ ಬೇಡ, ಸರ್ಕಾರ ನೇರ ರೈತನ ಜೊತೆ ಲೆಕ್ಕ ಇಟ್ಕೊಳ್ಳಲಿ ಅಂದ. ಅದೇ ರೈತವಾರಿ.

ಅದರಲ್ಲಿ ಒಳ್ಳೇದೂ ಇತ್ತು, ಹೊಲ ನಿನ್ನ ಹೆಸರಲ್ಲಿ ಉಳೀತು. ಆದರೆ ಕಂದಾಯ ಎಷ್ಟು ಗೊತ್ತಾ? ಒಟ್ಟು ಬೆಳೆಯ ನೂರಕ್ಕೆ 45ರಷ್ಟು ಅಂತ ಲೆಕ್ಕ. ಖರ್ಚು ಕಳೆದ ಮೇಲೆ ಅಲ್ಲ, ಒಟ್ಟು ಬೆಳೆದದ್ದರಲ್ಲಿ. ಇದು ಭಾರ ಆಯ್ತು, ಮೂರನೇ ಒಂದು ಪಾಲಿಗೆ ಇಳಿಸ್ರಿ ಅಂತ ಮನ್ರೋನೇ 1807ರಲ್ಲಿ ಮೇಲಿನವರಿಗೆ ಬರೆದ. ಆಗ ಅವರು ಒಪ್ಪಲಿಲ್ಲ. ಮುಂದೆ ಅವನೇ ಮದ್ರಾಸ್ ಗವರ್ನರ್ ಆಗಿ ಬರೋವರೆಗೆ ಕಾಯಬೇಕಾಯ್ತು.

ಇನ್ನೊಂದು ಮಾತು, ಇದು ಮುಖ್ಯ. ಹಿಂದೆ ಕಣದಲ್ಲಿ ರಾಶಿ ಮಾಡಿ ಪಾಲು ಕೊಡೋ ಪದ್ಧತಿನೂ ಇತ್ತು. ಬೆಳೆ ಕಮ್ಮಿ ಆದ್ರೆ ಪಾಲೂ ಕಮ್ಮಿ. ರೈತವಾರಿಯಲ್ಲಿ ಕಟ್ಟಬೇಕಾದ್ದು ರೊಕ್ಕ, ಅದೂ ಕಿಸ್ತಿನ ತಾರೀಕಿಗೆ. ಮಳೆಗೆ ತಾರೀಕಿಲ್ಲ, ಕಿಸ್ತಿಗೆ ಐತೆ. ಅಲ್ಲಿಂದ ಮುಂದೆ ಹೊಲದಲ್ಲಿ ಏನು ಬಿತ್ತಬೇಕು ಅನ್ನೋದನ್ನ ಹೊಟ್ಟೆ ಒಂದೇ ಹೇಳಲಿಲ್ಲ, ತಾರೀಕೂ ಹೇಳೋಕೆ ಶುರು ಮಾಡ್ತು.

ನಮ್ಮ ಎರೆ ಭೂಮಿಗೆ ಹತ್ತಿ ಹೊಸದಲ್ಲ. ಮೊದಲು ಊರ ನೇಕಾರನಿಗೆ ಹೋಗ್ತಿತ್ತು. ಆಮೇಲೆ ಬಂಡಿ ಹತ್ತಿ, ಹಡಗು ಹತ್ತಿ ಇಂಗ್ಲೆಂಡಿನ ಮಿಲ್ಲಿಗೆ ಹೋಗೋಕೆ ಹತ್ತಿತು. ಬಳ್ಳಾರಿ, ಅನಂತಪುರ, ಕರ್ನೂಲು ಕಡೆ ಹತ್ತಿಗೆ ವ್ಯಾಪಾರದಲ್ಲಿ ‘ವೆಸ್ಟರ್ನ್ಸ್’ ಅಂತ ಹೆಸರು, ಅಂದ್ರೆ ಪಡುವಣದ್ದು. ನಮ್ಮ ಹೊಲದಲ್ಲಿ ನಿಂತು ಇಟ್ಟ ಹೆಸರಲ್ಲ ಅದು. ವ್ಯಾಪಾರಿ ಮುಂಗಡ ಕೊಡ್ತಿದ್ದ, ರೈತ ಅದರಲ್ಲಿ ಕಿಸ್ತು ಕಟ್ತಿದ್ದ, ಹತ್ತಿ ಬಿಡಿಸೋ ಮುಂಚೆನೇ ಅದು ಯಾರ ಪಾಲು ಅಂತ ತೀರ್ಮಾನ ಆಗಿರ್ತಿತ್ತು.

1861ರಲ್ಲಿ ಅಮೆರಿಕದಲ್ಲಿ ಅವರವರಲ್ಲೇ ಯುದ್ಧ ಹತ್ತಿತು. ಅಲ್ಲಿಂದ ಹತ್ತಿ ಬರೋದು ನಿಂತು ಲ್ಯಾಂಕಾಶೈರಿನ ಮಿಲ್ಲುಗಳು ಖಾಲಿ ಕೂತವು. ನಮ್ಮ ಹತ್ತಿ ರೇಟು ಹಲವು ಪಟ್ಟು ಏರಿತು. ಬಳ್ಳಾರಿ, ಧಾರವಾಡ ಕಡೆ ಎರೆ ಹೊಲದಲ್ಲಿ ಹತ್ತಿ ಹೆಚ್ಚಾಯ್ತು. 1865ರಲ್ಲಿ ಯುದ್ಧ ಮುಗೀತು, ರೇಟು ಕುಸೀತು. ಏರಿದ್ದೂ ಇಲ್ಲಿನ ಕಾರಣಕ್ಕಲ್ಲ, ಇಳಿದಿದ್ದೂ ಇಲ್ಲಿನ ಕಾರಣಕ್ಕಲ್ಲ. ಆದರೆ ಏರಿದಾಗ ಮಾಡಿದ ಸಾಲ ಇಲ್ಲಿನದೇ, ಸಾಹುಕಾರನ ಪುಸ್ತಕದಲ್ಲಿ ಹಂಗೇ ಇತ್ತು. ಕಡಪ ಕಡೆ ನೀಲಿ ಬೆಳೀತಿದ್ದವರಿಗೂ ಮುಂದೆ ಹಿಂಗೇ ಆಯ್ತು. 1897ರಲ್ಲಿ ಜರ್ಮನಿಯವರು ಫ್ಯಾಕ್ಟರಿಯಲ್ಲಿ ಮಾಡಿದ ನೀಲಿ ಮಾರೋಕೆ ಶುರು ಮಾಡಿದ್ರು, ಹೊಲದ ನೀಲಿ ಕೇಳೋರಿಲ್ಲದಂಗಾಯ್ತು.

1876ಕ್ಕೆ ಮಳೆ ಕೈ ಕೊಡ್ತು. ಹಿರಿಯರು ಧಾತು ಬರ ಅಂತಾರಲ್ಲ, ಅದೇ. ಎರಡು ವರ್ಷ ಎಳೀತು. 1871ರ ಜನಗಣತಿಗೂ 1881ರದಕ್ಕೂ ನಡುವೆ ಬಳ್ಳಾರಿ ಜಿಲ್ಲೆ ಸುಮಾರು ಐದನೇ ಒಂದು ಪಾಲು ಜನರನ್ನ ಕಳ್ಕೊಂಡಿತ್ತು. ಹತ್ತಿಯಿಂದಲೇ ಬರ ಬಂತು ಅಂತ ನಾನು ಹೇಳಲ್ಲ, ಅದು ಸುಳ್ಳಾಗ್ತೈತೆ. ಆಗಲೂ ಜಿಲ್ಲೆಯಲ್ಲಿ ಜೋಳ, ನವಣೆನೇ ಮುಖ್ಯ ಬೆಳೆ. ಮಳೆ ಇಲ್ಲದೆ ಎರಡೂ ಒಣಗಿದವು. ಆದರೆ ಬರ ತಡ್ಕೊಳ್ಳೋಕೆ ನಮ್ಮೋರ ಹತ್ರ ಇದ್ದ ಉಪಾಯ ಹಗೇವು. ನೆಲದಲ್ಲಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ ಬಾಯಿ ಮುಚ್ಚಿದ್ರೆ ವರ್ಷಗಟ್ಟಲೆ ಇರ್ತಿತ್ತು. ರೊಕ್ಕ ಬೇಕು ಅಂದಾಗ ಮೊದಲು ಖಾಲಿ ಆಗೋದು ಅದೇ. ಬರ ಬಂದಾಗ ಬಳ್ಳಾರಿಗೆ ರೈಲು ಇತ್ತು, ರೈಲಲ್ಲಿ ಕಾಳು ಬಂತು. ಕೊಳ್ಳೋಕೆ ಕೂಲಿಯವನ ಕೈಯಲ್ಲಿ, ನೇಕಾರನ ಕೈಯಲ್ಲಿ ಕಾಸಿರಲಿಲ್ಲ. ಸರ್ಕಾರದ ಬರ ಕಾಮಗಾರಿಯಲ್ಲಿ ಕಲ್ಲು ಹೊತ್ತವನಿಗೆ 1877ರಲ್ಲಿ ದಿನಕ್ಕೆ ಒಂದು ಪೌಂಡ್ ಕಾಳಿನ ಲೆಕ್ಕದಲ್ಲಿ ಕೂಲಿ ಇಳಿಸಿದ್ರು. ಅರ್ಧ ಕೇಜಿಗೂ ಕಮ್ಮಿ.

ಈಗ ಕಾಲುವೆ ಕಡೆ ಬರ್ರಿ. ಹೊಸಪೇಟೆಯ ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ತುರ್ತು ಕಾಲುವೆ, ನಮ್ಮ ಕಂಪ್ಲಿ ಕಾಲುವೆ, ಇವೆಲ್ಲ ವಿಜಯನಗರದ ಕಾಲದವು. ಇವುಗಳ ಕೆಳಗೆ ಭತ್ತ, ಕಬ್ಬು, ಬಾಳೆ. ಕಬ್ಬು, ಬಾಳೆನೂ ರೊಕ್ಕದ ಬೆಳೆಯೇ ಅಲ್ವಾ? ಆದರೆ ಪಕ್ಕದಲ್ಲೇ ಭತ್ತ ಇತ್ತು, ಬುಡಕ್ಕೆ ನೀರಿತ್ತು, ಕಬ್ಬು ಇಲ್ಲೇ ಗಾಣದಲ್ಲಿ ಬೆಲ್ಲ ಆಗಿ ಸಂತೆಗೆ ಹೋಗ್ತಿತ್ತು. ಅದಕ್ಕೇ ರೊಕ್ಕದ ಬೆಳೆ ಅಂದ ಕೂಡಲೇ ಕೆಟ್ಟದ್ದು ಅನ್ನೋಕೆ ನನಗೆ ಮನಸ್ಸಿಲ್ಲ. ನೀರು ಯಾರ ಕೈಲಿ ಐತೆ, ತಾರೀಕು ಯಾರ ಕೈಲಿ ಐತೆ, ಅದನ್ನ ನೋಡಬೇಕು.

ನೀರಿನ ಮಾತು ಬಂತಲ್ಲ, ಒಂದು ಲೆಕ್ಕ ಕೇಳ್ರಿ. ತುಂಗಭದ್ರಾ ನೀರನ್ನ ಈ ಬರದ ಸೀಮೆಗೆ ಹರಿಸಬಹುದು ಅಂತ ಇಂಜಿನಿಯರ್ ಆರ್ಥರ್ ಕಾಟನ್ 1860ರಲ್ಲೇ ಯೋಜನೆ ಕೊಟ್ಟಿದ್ದ. ಡ್ಯಾಮಿಗೆ ಅಡಿಗಲ್ಲು ಬಿದ್ದಿದ್ದು 1945ರಲ್ಲಿ, ಕಾಲುವೆಗೆ ನೀರು ಬಂದಿದ್ದು 1953ರಲ್ಲಿ. ಹತ್ತಿ ಒಯ್ಯೋ ರೈಲು ಧಾತು ಬರಕ್ಕೆ ಮುಂಚೆನೇ ಬಂತು. ಹೊಲಕ್ಕೆ ಬೇಕಾದ ನೀರಿಗೆ 93 ವರ್ಷ. ಬೆಳೆ ಒಯ್ಯೋದಕ್ಕೆ ಇದ್ದ ಅವಸರ ಬೆಳೆಯೋನಿಗೆ ನೀರು ಕೊಡೋದರಲ್ಲಿ ಇರಲಿಲ್ಲ.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದ್ರೆ, ನಮ್ಮ ಮನೇಲಿ ಈ ವಾರ ಇದೇ ಮಾತು ನಡೆದೈತೆ. ನಮಗೆ ಕಾಲುವೆ ಕೆಳಗೆ ಮೂರು ಎಕರೆ ತರಿ, ಮೇಲೆ ನಾಲ್ಕು ಎಕರೆ ಖುಷ್ಕಿ. ಖುಷ್ಕಿಯಲ್ಲಿ ಒಂದು ಎಕರೆ ಪ್ರತಿ ವರ್ಷ ಬಿಳಿ ಜೋಳಕ್ಕೆ ಬಿಡ್ತೀನಿ. ಅದನ್ನೂ ಸೇರಿಸಿ ನಾಲ್ಕಕ್ಕೂ ಕೊಳವೆಬಾವಿ ನೀರಲ್ಲಿ ಮೆಣಸಿನಕಾಯಿ ಹಾಕೋಣ ಅಂತಾನೆ ಮಗ. ‘ಜೋಳ ಕೊಂಡು ತಿಂದ್ರೂ ಉಳೀತೈತಲ್ಲಪ್ಪಾ’ ಅಂತಾನೆ. ರೇಟು ಇರೋ ವರ್ಷ ಅವನ ಲೆಕ್ಕ ಸರಿ. ಆದರೆ 2024ರ ಮಾರ್ಚಿನಲ್ಲಿ ರೇಟು ಬಿದ್ದು ಬ್ಯಾಡಗಿಯಲ್ಲಿ ಏನಾಯ್ತು ನಾವು ನೋಡಿದ್ದೀವಿ. ಅದೇ ವರ್ಷ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ನಿದ್ದೆಗೆಟ್ಟಿದ್ದೂ ಗೊತ್ತೈತೆ.

ಈಗ ಕಂದಾಯ ಅಂದ್ರೆ ಚಿಲ್ಲರೆ ಕಾಸು. ಕಿಸ್ತಿನ ತಾರೀಕು ಮಾತ್ರ ಹೋಗಿಲ್ಲ, ಹೆಸರು ಬದಲಾಗೈತೆ. ಬೆಳೆಸಾಲ ತಿರುವೋ ತಾರೀಕು, ಔಷಧಿ ಅಂಗಡಿ ಉದ್ರಿ, ಜೂನ್ ತಿಂಗಳ ಫೀಸು. ಸರಕು ಬಂದ ವಾರವೇ ಬಂದ ರೇಟಿಗೆ ಕೊಡೋ ಹಾಗೆ ಮಾಡೋದು ಇವೇ.

ಮಗನಿಗೆ ನಾನು ಹೇಳಿದ್ದಿಷ್ಟು. ಮೂರು ಎಕರೆ ಮೆಣಸಿನಕಾಯಿ ಹಾಕು, ಬೇಡ ಅನ್ನಲ್ಲ. ಆದರೆ ಉದ್ರಿ ಎಷ್ಟಾಗ್ತೈತೆ, ಯಾವ ತಿಂಗಳು ತಿರುವಬೇಕು ಅಂತ ಬಿತ್ತೋ ಮುಂಚೆ ಬರೆದಿಡು. ರೇಟು ಅರ್ಧ ಆದ್ರೂ ಆ ತಾರೀಕು ದಾಟ್ತೀವಾ ನೋಡು. ದಾಟಲ್ಲ ಅಂದ್ರೆ ಎರಡೇ ಎಕರೆ ಹಾಕು. ಜೋಳದ ಎಕರೆ ಮುಟ್ಟಬೇಡ. ಅದರಿಂದ ಮನೆಗೆ ರೊಟ್ಟಿ, ಎಮ್ಮೆಗೆ ಸೊಪ್ಪೆ, ಇವೆರಡನ್ನ ಯಾವ ಊರಿನ ರೇಟೂ ಇಳಿಸೋಕಾಗಲ್ಲ. ನಮ್ಮ ಮನೆ ಮುಂದಿನ ಹಗೇವನ್ನ ನಾನು ಹುಡುಗ ಇದ್ದಾಗಲೇ ಮಣ್ಣು ತುಂಬಿ ಮುಚ್ಚಿದ್ರು. ಈಗ ನಮಗೆ ಹಗೇವು ಅಂತ ಉಳಿದಿರೋದು ಆ ಒಂದು ಎಕರೆ.

ಅವನಿನ್ನೂ ಪೂರ್ತಿ ಒಪ್ಪಿಲ್ಲ. ಲೆಕ್ಕದ ಪುಸ್ತಕ ಮಾತ್ರ ತಗೊಂಡು ಕೂತಿದ್ದಾನೆ. ಸಂಡೂರು ಕಡೆ ಮಸಾರಿಯವರು, ಹೊಸಪೇಟೆ ಕಡೆ ಕಬ್ಬಿನವರು, ನೀವು ಈ ಸಲ ಹೊಟ್ಟೆಗೆ ಅಂತ ಎಷ್ಟು ಬಿಟ್ಟಿದ್ದೀರಿ, ತಿಳಿಸ್ರಿ.