ರೂಮಿನ ಬಾಡಿಗೆ ಬೇರೆ, ಊರಿನ ತೆರಿಗೆ ಬೇರೆ

ಪ್ರಿಯ ಶಾರದಾ ಅವರಿಗೆ,

ನೀವು, ನಿಮ್ಮ ಯಜಮಾನರು, ಹನ್ನೆರಡರ ಮಗಳು, ಎಂಟರ ಮಗ, ನಾಲ್ವರೂ ಯುರೋಪಿಗೆ ಹೊರಟಿರುವ ಸುದ್ದಿ ಓದಿ ತುಂಬಾ ಸಂತೋಷವಾಯಿತು. ‘ರೂಮಿನ ದುಡ್ಡು ಪೂರ್ತಿ ಕಟ್ಟಿದ್ದೇವೆ. ಆದರೂ ಕೆಳಗೆ ಸಿಟಿ ಟ್ಯಾಕ್ಸ್ ಸೇರಿಲ್ಲ ಅಂತ ಬರೆದಿದ್ದಾರೆ. ಇದೇನು ಮೋಸವೇ?’ ಎಂದು ಕೇಳಿದ್ದೀರಿ. ಖಂಡಿತ ಮೋಸವಲ್ಲ. ಆದರೆ ಮನೆಯಲ್ಲೇ ಕುಳಿತು ಲೆಕ್ಕ ಹಾಕಿಕೊಳ್ಳದಿದ್ದರೆ, ಸೂಟ್‌ಕೇಸು ಹಿಡಿದು ಕೌಂಟರಿನ ಮುಂದೆ ನಿಂತಾಗ ಯಾರಿಗಾದರೂ ಹಾಗೇ ಅನಿಸುತ್ತದೆ.

ಯುರೋಪಿನಲ್ಲಿ ರೂಮಿನ ದರದೊಳಗೆ ವ್ಯಾಟ್ ಸಾಮಾನ್ಯವಾಗಿ ಸೇರಿರುತ್ತದೆ. ಸಿಟಿ ಟ್ಯಾಕ್ಸ್ ಅದಲ್ಲ. ರಾತ್ರಿ ತಂಗುವ ಅತಿಥಿಯಿಂದ ಆ ಊರು ಪಡೆಯುವ ತೆರಿಗೆ ಅದು. ಹೋಟೆಲಿನವರು ವಸೂಲಿ ಮಾಡಿ ಒಪ್ಪಿಸುತ್ತಾರೆ, ಅಷ್ಟೆ. ಫ್ರಾನ್ಸಿನಲ್ಲಿ ಇದರ ಕಾನೂನು 1910ರಷ್ಟು ಹಳೆಯದು. ಆರೋಗ್ಯಕ್ಕೆಂದು ಚಿಲುಮೆಗಳ ಊರಿಗೆ ಬಂದು ಉಳಿಯುತ್ತಿದ್ದವರು ಆ ಊರಿನ ಖರ್ಚಿಗೂ ಒಂದು ಪಾಲು ಕೊಡಲಿ ಎಂಬುದು ಅದರ ಮೂಲ.

ಇನ್ನು ನಿಮ್ಮ ಊರುಗಳ ಪಟ್ಟಿಗೆ ಬರೋಣ. ಪ್ಯಾರಿಸ್ಸಿನಲ್ಲಿ ಒಬ್ಬರಿಗೆ, ಒಂದು ರಾತ್ರಿಗೆ ಇಷ್ಟು ಎಂಬ ಲೆಕ್ಕ. ಹೋಟೆಲಿನ ಸ್ಟಾರ್ ಹೆಚ್ಚಿದಂತೆ ತೆರಿಗೆಯೂ ಹೆಚ್ಚು. ತ್ರೀ ಸ್ಟಾರ್ ಹೋಟೆಲಿನಲ್ಲಿ 1.88 ಯೂರೋ ಇದ್ದದ್ದು 2024ರ ಜನವರಿಯಲ್ಲಿ 5.20 ಯೂರೋ ಆಯಿತು. ಏರಿದ ಆ ಹಣ ಪ್ಯಾರಿಸ್ ಪ್ರಾಂತ್ಯದ ಮೆಟ್ರೋ, ಬಸ್ಸು, ರೈಲುಗಳಿಗೆ ಹೋಗುತ್ತದೆ. ಅಲ್ಲಿ ಹದಿನೆಂಟು ತುಂಬದವರಿಗೆ ಈ ತೆರಿಗೆ ಇಲ್ಲ. ಹಾಗಾಗಿ ಐದು ರಾತ್ರಿಗೆ ನಿಮ್ಮಿಬ್ಬರದು, 2024ರ ದರದಲ್ಲಿ, 52 ಯೂರೋ.

ರೋಮ್‌ನಲ್ಲಿ ವಿನಾಯಿತಿ ಹತ್ತು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಹಾಗಾಗಿ ಮಗನಿಗೆ ತೆರಿಗೆ ಇಲ್ಲ, ಮಗಳಿಗೆ ಉಂಟು. 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ದರದ ಪ್ರಕಾರ ತ್ರೀ ಸ್ಟಾರ್ ಹೋಟೆಲಿನಲ್ಲಿ ತಲೆಗೆ ರಾತ್ರಿಗೆ 6 ಯೂರೋ. ಮೂವರಿಗೆ ಮೂರು ರಾತ್ರಿಗೆ 54. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತಲೆ ಎಣಿಸುವುದಿಲ್ಲ. 2024ರಿಂದ ಅಲ್ಲಿ ವ್ಯಾಟ್ ಬಿಟ್ಟು ಉಳಿದ ರೂಮಿನ ಬಾಡಿಗೆಗೆ ಶೇ. 12.5 ತೆರಿಗೆ. ವ್ಯಾಟ್ ಬಿಟ್ಟು 200 ಯೂರೋ ಇರುವ ರೂಮಿಗೆ ದಿನಕ್ಕೆ 25 ಯೂರೋ ಎಂದರೆ ಅದು ಸಣ್ಣ ಮೊತ್ತವಲ್ಲ. ವಾಪಸು ಬರುವಾಗ ದುಬೈಯಲ್ಲಿ ಒಂದು ರಾತ್ರಿ ಇರುತ್ತೀರಲ್ಲ, ಅಲ್ಲಿ ಹೋಟೆಲಿನ ದರ್ಜೆ ನೋಡಿ ರೂಮಿಗೆ 7ರಿಂದ 20 ದಿರ್ಹಮ್ ‘ಟೂರಿಸಂ ದಿರ್ಹಮ್’ ಕೊಡಬೇಕು.

ಆದ್ದರಿಂದ ಪ್ರತಿ ಬುಕಿಂಗಿನಲ್ಲೂ ಮೂರು ಸಂಗತಿ ನೋಡಿ: ತೆರಿಗೆ ತಲೆಗೋ ರೂಮಿಗೋ ಬಾಡಿಗೆಯ ಮೇಲೋ, ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ವಿನಾಯಿತಿ, ಹಣ ಈಗಲೇ ಕಟ್ಟಿದ್ದೀರೋ ಅಲ್ಲಿ ಹೋಗಿ ಕಟ್ಟಬೇಕೋ. ಬುಕಿಂಗ್ ಪತ್ರದಲ್ಲಿ ಸ್ಪಷ್ಟವಿಲ್ಲದಿದ್ದರೆ ಹೋಟೆಲಿಗೇ ಇಮೇಲ್ ಬರೆದು, ಬಂದ ಉತ್ತರವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ದರಗಳು ಆಗಾಗ ಬದಲಾಗುತ್ತವೆ, ಹೊರಡುವ ಮುಂಚೆ ಆಯಾ ನಗರಾಡಳಿತದ ವೆಬ್‌ಸೈಟಿನಲ್ಲಿ ಇನ್ನೊಮ್ಮೆ ನೋಡಿಬಿಡಿ. ಎರಡು ಹೋಟೆಲುಗಳನ್ನು ಹೋಲಿಸುವಾಗಲೂ ತೆರಿಗೆ ಸೇರಿಸಿದ ಮೊತ್ತವನ್ನೇ ಹೋಲಿಸಿ. ಅಗ್ಗವೆಂದು ಕಂಡದ್ದು ಆಗ ಅಗ್ಗವಾಗಿ ಉಳಿಯದೆ ಹೋಗಬಹುದು. ಕೌಂಟರಿನಲ್ಲಿ ಕಾರ್ಡ್ ಯಂತ್ರ ‘ರೂಪಾಯಿಯಲ್ಲೋ ಯೂರೋದಲ್ಲೋ’ ಎಂದು ಕೇಳಿದರೆ ಯೂರೋ ಎನ್ನಿ. ರೂಪಾಯಿ ಎಂದರೆ ವಿನಿಮಯ ದರ ಸಾಮಾನ್ಯವಾಗಿ ದುಬಾರಿ ಬೀಳುತ್ತದೆ. ಕಟ್ಟಿದ್ದಕ್ಕೆ ರಸೀದಿ ಕೇಳಲು ಸಂಕೋಚ ಬೇಡ. ಅಂಗಡಿಯಲ್ಲಿ ಕೊಂಡ ಸಾಮಾನಿನ ವ್ಯಾಟ್ ಏರ್‌ಪೋರ್ಟಿನಲ್ಲಿ ವಾಪಸು ಪಡೆಯಲು ಅವಕಾಶವಿದೆ. ಹೋಟೆಲಿನ ಬಿಲ್ಲಿಗೆ ಆ ಸೌಲಭ್ಯವಿಲ್ಲ.

ಕೊಟ್ಟದ್ದು ಕೈಗೆ ಮರಳುವ ಊರುಗಳೂ ಇವೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹೋಟೆಲಿನ ಅತಿಥಿಗಳಿಗೆ ‘ಬಾಸೆಲ್ ಕಾರ್ಡ್’ ಕೊಡುತ್ತಾರೆ. ತಂಗಿದಷ್ಟು ದಿನ ಊರಿನ ಟ್ರಾಮು, ಬಸ್ಸುಗಳು ಉಚಿತ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನ ಹಲವು ಊರುಗಳಲ್ಲಿ ‘ಕೋನುಸ್’ ಕಾರ್ಡ್ ಸಿಗುತ್ತದೆ. ಅದರಲ್ಲಿ ಬಸ್ಸಿನ ಜೊತೆಗೆ ಸ್ಥಳೀಯ ರೈಲುಗಳಲ್ಲೂ ಓಡಾಡಬಹುದು. ಗೊತ್ತಿಲ್ಲದವರು ತೆರಿಗೆಯನ್ನೂ ಕೊಟ್ಟು ಟಿಕೆಟನ್ನೂ ಕೊಳ್ಳುತ್ತಾರೆ. ರೂಮಿನ ಬೀಗದ ಕೈ ತೆಗೆದುಕೊಳ್ಳುವಾಗಲೇ ‘ಗೆಸ್ಟ್ ಕಾರ್ಡ್ ಇದೆಯೇ?’ ಎಂದು ಕೇಳಿಬಿಡಿ.

ನಾವು ನೋಡಲು ಹಂಬಲಿಸುವ ಬೀದಿಗಳನ್ನು ಗುಡಿಸಿ, ಬೆಳಗಿ, ಕಾಯುವವರು ಅಲ್ಲಿನ ಜನ. ನಾಲ್ಕು ದಿನ ಆ ಊರಿನಲ್ಲಿ ಓಡಾಡುವ ನಾವೂ ಅದಕ್ಕೆ ಕೈಜೋಡಿಸುವುದು ನ್ಯಾಯ ಎಂದು ನಾನು ಮನಸಾರೆ ನಂಬುತ್ತೇನೆ. ಅಷ್ಟೇ ನ್ಯಾಯವಾದದ್ದು, ಎಷ್ಟು ಕೊಡಬೇಕೆಂದು ಮೊದಲೇ ತಿಳಿಯುವ ನಿಮ್ಮ ಹಕ್ಕು. ಈ ಖರ್ಚಿಗೆ ಬಜೆಟ್ಟಿನಲ್ಲಿ ಈಗಲೇ ಒಂದು ಸಾಲು ಬರೆದಿಟ್ಟುಕೊಳ್ಳಿ. ಬುಕಿಂಗ್ ಪತ್ರದಲ್ಲಿ ಇನ್ನೇನಾದರೂ ಅರ್ಥವಾಗದಿದ್ದರೆ ಹಾಗೇ ಕಳಿಸಿಕೊಡಿ, ಕೂತು ನೋಡೋಣ. ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸಿ.

ಇಂತು ನಿಮ್ಮ ವಿಶ್ವಾಸದ
ಗೆಳತಿ